ಸೂಜಿಗಲ್ಲು, ಮಿಂಚು ಮತ್ತು ಕಲ್ಯಾಣ ಲೋಕಲ್

1990ರ ದಶಕದ ಒಂದು ರವಿವಾರ ಮಧ್ಯಾಹ್ನ ಡೊಂಬಿವಲಿ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಅಂಗೈ ಮೇಲೆ ದಿಕ್ಸೂಚಿ ಇಟ್ಟುಕೊಂಡು ನಿಂತಿದ್ದೆ. ಪಕ್ಕದಲ್ಲಿ ನನ್ನ ಬಳಿ ಪಾಠಕ್ಕೆ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗ. ಗಾಡಿ ಬಂದಾಗ ಮುಳ್ಳು ತಿರುಗುವುದನ್ನು ಅವನಿಗೆ ತೋರಿಸಬೇಕಿತ್ತು. ಅದೇನು ದೊಡ್ಡ ಪವಾಡವಲ್ಲ, ಅಷ್ಟು ಟನ್ ಉಕ್ಕು ಮುಂದೆ ಬಂದು ನಿಂತರೆ ಯಾವ ಮುಳ್ಳೂ ಅತ್ತ ವಾಲುತ್ತದೆ. ಆದರೆ ಗಾಡಿ ಕಣ್ಣಿಗೆ ಬೀಳುವ ಮೊದಲೇ ಮುಳ್ಳು ಮೆಲ್ಲಗೆ ಒಂದು ಕಡೆ ಸರಿಯಿತು, ಒಂದೆರಡು ನಿಮಿಷ ಅಲ್ಲೇ ನಡುಗುತ್ತ ನಿಂತು ಮತ್ತೆ ಉತ್ತರಕ್ಕೆ ಬಂತು.

"ಸರ್, ಗಾಡೀನೇ ಬಂದಿಲ್ಲ. ಇದ್ಯಾಕೆ ಅಲ್ಲಾಡ್ತು?"

ತಲೆಯ ಮೇಲಿನ ತಂತಿಯನ್ನು ತೋರಿಸಿದೆ. ದಿವಾದಲ್ಲೋ ಠಾಕುರ್ಲಿಯಲ್ಲೋ ಯಾವುದೋ ಲೋಕಲ್ ಆಗತಾನೆ ಹೊರಟಿರಬೇಕು. ಅದು ಎಳೆದುಕೊಂಡ ಕರೆಂಟು ನಮ್ಮ ತಲೆಯ ಮೇಲಿನ ತಂತಿಯಲ್ಲಿ ಹರಿದು, ಕಾಲ ಕೆಳಗಿನ ಹಳಿಯಲ್ಲಿ ಮರಳಿ ಹೋಗುತ್ತಿತ್ತು. ಅದರ ಸುಳಿವು ನಮಗಿಂತ ಮೊದಲು ಮುಳ್ಳಿಗೆ ಸಿಕ್ಕಿತ್ತು. ಹುಡುಗ ತಲೆಯಾಡಿಸಿದ, ಆದರೆ ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನಿಜ ಹೇಳಬೇಕೆಂದರೆ, ಅವನ ಪುಸ್ತಕದಲ್ಲಿ ವಿದ್ಯುತ್ತು ಒಂದು ಪಾಠ, ಕಾಂತತ್ವ ಬೇರೊಂದು ಪಾಠ. ನಡುವೆ ಒಂದು ಅರ್ಧವಾರ್ಷಿಕ ಪರೀಕ್ಷೆ. ಒಂದರಲ್ಲಿ ನಡೆದದ್ದಕ್ಕೆ ಇನ್ನೊಂದು ಯಾಕೆ ತಲೆ ಅಲ್ಲಾಡಿಸಬೇಕು?

ಈ ಪಾಲು ಪಠ್ಯಪುಸ್ತಕ ಬರೆದವರು ಮಾಡಿದ್ದಲ್ಲ, ಬಹಳ ಹಳೆಯದು. ನಮ್ಮ ಭಾಷೆಯಲ್ಲೇ ನೋಡಿ: ಮಿಂಚು ಮೇಲಿನಿಂದ ಬಂದದ್ದು, ಸೂಜಿಗಲ್ಲು ನೆಲದಿಂದ ತೆಗೆದದ್ದು. ಸೂಜಿಯನ್ನು ಎಳೆಯುವ ಕಲ್ಲಿಗೂ ಮರವನ್ನು ಸೀಳುವ ಸಿಡಿಲಿಗೂ ನಂಟು ಇದ್ದೀತೆಂದು ಯಾರಿಗೆ ಹೊಳೆಯಬೇಕು? 1600ರಲ್ಲಿ ವಿಲಿಯಂ ಗಿಲ್ಬರ್ಟ್ ಎಂಬ ಇಂಗ್ಲಿಷ್ ವೈದ್ಯ ತನ್ನ ಪುಸ್ತಕದಲ್ಲಿ ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು ತೋರಿಸಿದ. ಅದೇ ಪುಸ್ತಕದಲ್ಲಿ, ಉಜ್ಜಿದ ವಸ್ತು ಹುಲ್ಲುಕಡ್ಡಿಯನ್ನು ಸೆಳೆಯುವುದೇ ಬೇರೆ, ಕಾಂತದ ಸೆಳೆತವೇ ಬೇರೆ ಎಂದು ಗೆರೆಯನ್ನೂ ಎಳೆದ. 1785ರ ಹೊತ್ತಿಗೆ ಫ್ರಾನ್ಸಿನ ಕೂಲಂಬ್ ಎರಡನ್ನೂ ಅಳೆದು, ದೂರ ಎರಡು ಪಟ್ಟಾದರೆ ಎರಡು ಬಲಗಳೂ ನಾಲ್ಕನೆಯ ಒಂದಕ್ಕೆ ಇಳಿಯುತ್ತವೆ ಎಂದ. ಲೆಕ್ಕ ಒಂದೇ ಆಯಿತು, ಆದರೂ ಮನೆಗಳು ಬೇರೆಯಾಗಿಯೇ ಉಳಿದವು.

ಉಜ್ಜಿ ಹುಟ್ಟಿಸುವ ವಿದ್ಯುತ್ತಿನ ಪ್ರಯೋಗ ಈ ಊರಿನಲ್ಲಿ ಮಳೆಗಾಲದಲ್ಲಿ ಆಗುವುದಿಲ್ಲ ಎನ್ನುವುದನ್ನು ಇಲ್ಲಿಯ ಮೇಷ್ಟರುಗಳೆಲ್ಲ ಬಲ್ಲರು. ವಿಜಯಪುರದ ಜನವರಿಯಲ್ಲಿ ಬಾಚಣಿಗೆಯನ್ನು ತಲೆಗೆ ಉಜ್ಜಿದರೆ ಕಾಗದದ ಚೂರು ಎಗರಿ ಬಂದು ಅಂಟುತ್ತದೆ. ಡೊಂಬಿವಲಿಯ ಜುಲೈಯಲ್ಲಿ ಎಷ್ಟು ಉಜ್ಜಿದರೂ ಕೂದಲು ಉದುರುವುದಷ್ಟೇ. ತೇವದ ಗಾಳಿ, ತೇವ ಹತ್ತಿದ ಬಾಚಣಿಗೆ, ಎರಡೂ ಸೇರಿ ಆವೇಶವನ್ನು ಹುಟ್ಟಿದ ಹಾಗೆಯೇ ಸೋರಿಸಿಬಿಡುತ್ತವೆ. ಕಾಂತಕ್ಕೆ ಈ ತಾಪತ್ರಯವಿಲ್ಲ, ನೀರಿನೊಳಗೂ ಅದು ಗುಂಡುಸೂಜಿ ಎತ್ತುತ್ತದೆ.

ಇನ್ನೂ ಒಂದು ವ್ಯತ್ಯಾಸವಿದೆ, ಇಡೀ ಕಥೆಯ ಸುಳಿವು ಅದರಲ್ಲೇ ಅಡಗಿತ್ತು. ಧನ ಆವೇಶವನ್ನು ಋಣ ಆವೇಶದಿಂದ ಬಿಡಿಸಿ ಬೇರೆ ಇಡಬಹುದು. ಅಯಸ್ಕಾಂತದ ಉತ್ತರ ಧ್ರುವವನ್ನು ದಕ್ಷಿಣದಿಂದ ಬಿಡಿಸಲಾಗದು. ಕತ್ತರಿಸಿದರೆ ಎರಡು ಅಯಸ್ಕಾಂತಗಳಾಗುತ್ತವೆ, ಎರಡಕ್ಕೂ ಎರಡೆರಡು ಧ್ರುವ. ಎಷ್ಟು ಚೂರು ಮಾಡಿದರೂ ಇದೇ ಪಾಡು. ಕಾರಣ ಸರಳ: ಕಾಂತದ ಒಳಗೆ 'ಕಾಂತದ್ರವ್ಯ' ಎಂಬ ಬೇರೆ ಸರಕೇನೂ ಇಲ್ಲ. ಇರುವುದು ಎಲೆಕ್ಟ್ರಾನುಗಳ ಸುತ್ತಾಟ, ಮತ್ತು ಅವುಗಳಿಗೆ ಹುಟ್ಟಿನಿಂದ ಬಂದ ಸ್ಪಿನ್ ಎಂಬ ಗುಣ. ಸುತ್ತುವುದಕ್ಕೆ ಎರಡು ಮುಖ ಇದ್ದೇ ಇರುತ್ತದೆ, ಒಂದು ಮುಖದಿಂದ ನೋಡಿದರೆ ಎಡಸುತ್ತು, ಇನ್ನೊಂದರಿಂದ ಬಲಸುತ್ತು.

ಇದು ತಿಳಿಯುವುದಕ್ಕೆ ಮೊದಲು ಎಡೆಬಿಡದೆ ಹರಿಯುವ ಕರೆಂಟು ಬೇಕಿತ್ತು. 1800ರಲ್ಲಿ ಇಟಲಿಯ ವೋಲ್ಟಾ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಅದನ್ನು ಒದಗಿಸಿದ. ಆಮೇಲೂ 20 ವರ್ಷ ಬೇಕಾಯಿತು. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ಕರೆಂಟು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡ. ನಾನು ಡೊಂಬಿವಲಿಯಲ್ಲಿ ತೋರಿಸಿದ್ದು ಅದನ್ನೇ, ಅವನ ಬ್ಯಾಟರಿಯ ಬದಲು ಸೆಂಟ್ರಲ್ ರೈಲ್ವೆಯ ತಂತಿ. ಮುಳ್ಳು ತಂತಿಯ ಕಡೆಗೂ ಹೋಗಲಿಲ್ಲ, ಅದರಿಂದ ದೂರವೂ ಸರಿಯಲಿಲ್ಲ, ಅಡ್ಡಕ್ಕೆ ತಿರುಗಿತು. ಕಾಂತಕ್ಷೇತ್ರ ತಂತಿಯನ್ನು ಬಳೆಯಂತೆ ಸುತ್ತಿಕೊಂಡಿರುತ್ತದೆ, ಮುಳ್ಳು ಆ ಬಳೆಯ ಗುಂಟ ನಿಲ್ಲುತ್ತದೆ. ನೂಕು ಎಳೆತಗಳಷ್ಟನ್ನೇ ಕಂಡಿದ್ದ ಅಂದಿನ ವಿದ್ವಾಂಸರಿಗೆ ಈ ಅಡ್ಡ ನಡಿಗೆ ಅರಗಲಿಲ್ಲ. ಕೆಲವೇ ವಾರಗಳಲ್ಲಿ ಪ್ಯಾರಿಸ್ಸಿನ ಆಂಪೇರ್, ಒಂದೇ ದಿಕ್ಕಿಗೆ ಕರೆಂಟು ಹರಿಯುವ ಎರಡು ತಂತಿಗಳು ಒಂದನ್ನೊಂದು ಸೆಳೆಯುತ್ತವೆ ಎಂದು ತೋರಿಸಿದ. ಕಾಂತವೇ ಇಲ್ಲದ ಕಾಂತತ್ವ!

ಹಾಗಿದ್ದರೆ ತಿರುವುಮುರುವೂ ನಡೆಯಬೇಕಲ್ಲ, ಅಯಸ್ಕಾಂತದಿಂದ ಕರೆಂಟು ಹುಟ್ಟಬೇಕಲ್ಲ? ಹತ್ತಾರು ಜನ ಸುರುಳಿಯ ಪಕ್ಕ ಅಯಸ್ಕಾಂತ ಇಟ್ಟುಕೊಂಡು ಕಾದರು, ಏನೂ ಆಗಲಿಲ್ಲ. 1831ರ ಆಗಸ್ಟ್ 29ರಂದು ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಯೊಂದರ ಎರಡು ಬದಿಗೆ ಎರಡು ತಂತಿಸುರುಳಿ ಸುತ್ತಿದ. ಒಂದಕ್ಕೆ ಬ್ಯಾಟರಿ ಜೋಡಿಸಿದಾಗ ಇನ್ನೊಂದರ ಬಳಿಯ ಮುಳ್ಳು ಒಮ್ಮೆ ಜಿಗಿದು ಸುಮ್ಮನಾಯಿತು. ಬ್ಯಾಟರಿ ತೆಗೆದಾಗ ಮತ್ತೊಮ್ಮೆ ಜಿಗಿಯಿತು, ಈ ಸಲ ಆಚೆ ಕಡೆಗೆ. ನಡುವೆ ಕರೆಂಟು ಹಾಯಾಗಿ ಹರಿಯುತ್ತಿದ್ದಷ್ಟು ಹೊತ್ತು ಏನೂ ಇಲ್ಲ. ಇಷ್ಟು ದಿನ ಎಲ್ಲರೂ ಸೋತದ್ದು ಯಾಕೆಂಬುದು ಆ ಜಿಗಿತದಲ್ಲಿತ್ತು: ಕಾಂತ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು. ಕಾಂತವನ್ನು ಸುರುಳಿಯೊಳಗೆ ತೂರಿಸಿ, ಹೊರಕ್ಕೆ ಎಳೆಯಿರಿ, ಸುರುಳಿಯನ್ನೇ ತಿರುಗಿಸಿ. ಸುಮ್ಮನೆ ಇಟ್ಟರೆ ಮಾತ್ರ ಏನೂ ಹುಟ್ಟದು. ಇಡೀ ವಿಷಯದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದೊಂದು ಸಾಕು. ಆದರೆ ಮಕ್ಕಳಿಗೆ ಸೂತ್ರ ಬಾಯಿಪಾಠವಾಗಿರುತ್ತದೆ, ಈ 'ಬದಲಾಗಬೇಕು' ಮಾತ್ರ ಜಾರಿಹೋಗಿರುತ್ತದೆ.

ಆಮೇಲಿನ ಕಥೆ ನಮ್ಮ ಕಿಟಕಿಯ ಹೊರಗೇ ಇದೆ. ಕಲ್ಯಾಣ ದಾಟಿ ಕರ್ಜತ್ ಕಡೆಗೆ ಹೋದರೆ ಕೊನೆಗೆ ಖೋಪೋಲಿ. ಲೋಣಾವಳದ ಕೆರೆಗಳ ನೀರನ್ನು ಘಟ್ಟದ ಮೇಲಿಂದ ಕೊಳವೆಯಲ್ಲಿ ಇಳಿಸಿ ಟಾಟಾದವರು 1915ರಲ್ಲಿ ಅಲ್ಲಿ ವಿದ್ಯುತ್ತು ತೆಗೆಯತೊಡಗಿದರು. ನಮ್ಮ ಶಿವನಸಮುದ್ರ ಅದಕ್ಕಿಂತ 13 ವರ್ಷ ದೊಡ್ಡದು. 1902ರಲ್ಲೇ ಅಲ್ಲಿಯ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. ಡೊಂಬಿವಲಿ ಕಲ್ಯಾಣಗಳ ನಡುವೆ, ಠಾಕುರ್ಲಿಯಲ್ಲಿ, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ತನ್ನದೇ ಪವರ್ ಹೌಸ್ ಕಟ್ಟಿ 1929ರಲ್ಲಿ ಚಾಲೂ ಮಾಡಿತು. ಚೋಳಾ ಪವರ್ ಹೌಸ್ ಎಂದು ಹಳಬರು ಈಗಲೂ ಹೇಳುವುದುಂಟು. ಖೋಪೋಲಿಯಲ್ಲಿ ಬೀಳುವ ನೀರು, ಠಾಕುರ್ಲಿಯಲ್ಲಿ ಕಲ್ಲಿದ್ದಲು ಸುಟ್ಟು ಎಬ್ಬಿಸಿದ ಹಬೆ. ಎರಡೂ ಮಾಡುವ ಕೆಲಸ ಒಂದೇ, ಸುರುಳಿಗಳ ನಡುವೆ ಕಾಂತವನ್ನು ತಿರುಗಿಸುವುದು.

ತಿರುಗಿಸುವುದು ಸುಲಭದ ಕೆಲಸವಲ್ಲ. ಹುಟ್ಟಿದ ಕರೆಂಟು ತನ್ನದೇ ಕಾಂತಕ್ಷೇತ್ರ ಕಟ್ಟಿಕೊಂಡು ತನ್ನನ್ನು ಹುಟ್ಟಿಸಿದವನಿಗೇ ಎದುರು ನಿಲ್ಲುತ್ತದೆ. ಮೇ ತಿಂಗಳ ರಾತ್ರಿ ಥಾಣೆಯ ಫ್ಲ್ಯಾಟುಗಳಲ್ಲಿ ಒಂದೊಂದೇ ಎಸಿ ಚಾಲೂ ಆದಂತೆ ಎಲ್ಲೋ ದೂರದ ಟರ್ಬೈನು ಅಷ್ಟಷ್ಟು ಭಾರವಾಗುತ್ತದೆ. ಇನ್ನಷ್ಟು ಹಬೆಯೋ ನೀರೋ ಬಿಡದಿದ್ದರೆ ಅದರ ವೇಗ ತಗ್ಗಿ, ಸೆಕೆಂಡಿಗೆ 50 ಸಲ ಆವರ್ತಿಸಬೇಕಾದ ಕರೆಂಟಿನ ತಾಳ ತಪ್ಪುತ್ತದೆ. ಕಳವಾ ಊರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಹಗಲೂ ರಾತ್ರಿ ಕಣ್ಣಿಟ್ಟಿರುವುದು ಈ 50ರ ಮೇಲೆ. 2020ರ ಅಕ್ಟೋಬರ್ 12ರ ಸೋಮವಾರ ಬೆಳಗ್ಗೆ ಹತ್ತರ ಸುಮಾರಿಗೆ ಕಳವಾ–ಪಡಘೆ ನಡುವಿನ 400 ಕಿಲೋವೋಲ್ಟ್ ಮಾರ್ಗ ಕೈಕೊಟ್ಟು ಮುಂಬಯಿ, ಥಾಣೆ, ನವಿ ಮುಂಬಯಿಯ ಬಹುಭಾಗ ಒಮ್ಮೆಲೇ ನಿಂತುಹೋಯಿತು. ಲೋಕಲ್ಲುಗಳು ನಿಂತಲ್ಲೇ ನಿಂತವು. ಕರೆಂಟು ಗೋದಾಮಿನಲ್ಲಿ ಪೇರಿಸಿಟ್ಟ ಸರಕಲ್ಲ, ಆ ಕ್ಷಣ ಎಲ್ಲೋ ಒಂದು ಕಾಂತ ತಿರುಗುತ್ತಿರುವುದರ ಫಲ ಎಂದು ಅಂದು ಎಲ್ಲರಿಗೂ ಒಟ್ಟಿಗೆ ಪಾಠವಾಯಿತು.

ಈಗ ಲೋಕಲ್ಲಿನ ವಿಷಯಕ್ಕೆ ಬರೋಣ. ಥಾಣೆಗೆ 1853ರ ಏಪ್ರಿಲ್ 16ರಂದು ಬಂದದ್ದು ಹಬೆಯ ಗಾಡಿ, ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿತು. ತಂತಿಯಲ್ಲಿ ಇದ್ದದ್ದು 1,500 ವೋಲ್ಟ್, ನೇರ ವಿದ್ಯುತ್, ಅಂದರೆ ಒಂದೇ ದಿಕ್ಕಿಗೆ ಹರಿಯುವ ಡಿಸಿ. ಠಾಕುರ್ಲಿಯಲ್ಲಿ ಹುಟ್ಟುತ್ತಿದ್ದದ್ದು ಹಿಂದೆ ಮುಂದೆ ತೂಗುವ ಎಸಿ. ಅದನ್ನು ದಾರಿಯುದ್ದಕ್ಕೂ ಉಪಕೇಂದ್ರಗಳಲ್ಲಿ ನೇರ ಮಾಡಿ ತಂತಿಗೆ ಬಿಡಬೇಕಿತ್ತು. ಅಂದಿನ ಮೋಟಾರುಗಳಿಗೆ ಡಿಸಿಯೇ ಹಿತ, ಭಾರದ ಗಾಡಿಯನ್ನು ನಿಂತಲ್ಲಿಂದ ಎಳೆಯುವಾಗ ಅದರ ಹಿಡಿತ ಚೆನ್ನಾಗಿತ್ತು.

ಅದಕ್ಕೆ ತೆತ್ತ ಬೆಲೆಯನ್ನು ಲೆಕ್ಕ ಹಾಕಿ ನೋಡಿ. ಒಂದು ಗಾಡಿಗೆ ಹೊರಡುವಾಗ 30 ಲಕ್ಷ ವಾಟ್ ಬೇಕೆನ್ನೋಣ. 1,500 ವೋಲ್ಟಿನಲ್ಲಿ ಅದು 2,000 ಆಂಪಿಯರ್, 25,000 ವೋಲ್ಟಿನಲ್ಲಿ ಬರೀ 120. ತಂತಿ ಬಿಸಿಯಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ಸರಿಯಾಗಿ ಏರುತ್ತದೆ, ಹಾಗಾಗಿ ಅದೇ ತಂತಿಯಲ್ಲಿ ನಷ್ಟ 270 ಪಟ್ಟಿಗೂ ಮೀರಿ ಹೆಚ್ಚು. ಅದಕ್ಕೇ ಡಿಸಿ ಕಾಲದಲ್ಲಿ ತಂತಿ ದಪ್ಪ, ಉಪಕೇಂದ್ರ ಕೆಲವೇ ಕಿಲೋಮೀಟರಿಗೊಂದು. ನನ್ನ ಮುಳ್ಳು ಗಾಡಿಯಿಲ್ಲದೆ ಕದಲಿದ್ದೂ ಅದಕ್ಕೇ, ಸಾವಿರಾರು ಆಂಪಿಯರ್ ಒಂದೇ ದಿಕ್ಕಿಗೆ ಹರಿದರೆ ಕೆಲವು ಮೀಟರ್ ದೂರದಲ್ಲಿ ಅದರ ಕಾಂತಕ್ಷೇತ್ರ ಭೂಮಿಯದ್ದಕ್ಕೆ ಸೆಡ್ಡು ಹೊಡೆಯುವಷ್ಟಿರುತ್ತದೆ.

ವೋಲ್ಟೇಜು ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರು ಫ್ಯಾರಡೆಯ ಆ ಕಬ್ಬಿಣದ ಬಳೆಯೇ, ಎಣ್ಣೆಯಲ್ಲಿ ಅದ್ದಿಟ್ಟದ್ದು. ಒಂದು ಸುರುಳಿಗೆ ನೂರು ಸುತ್ತು, ಇನ್ನೊಂದಕ್ಕೆ ಸಾವಿರ ಸುತ್ತು ಹಾಕಿದರೆ ವೋಲ್ಟೇಜು ಹತ್ತು ಪಟ್ಟು. ಆದರೆ ಡಿಸಿ ಕೊಟ್ಟರೆ ಅದು ಕೆಲಸ ಮಾಡದು, ಬಿಸಿಯಾಗಿ ಸುಟ್ಟೀತು ಅಷ್ಟೇ. ಬದಲಾವಣೆ ಬೇಕು, ಎಸಿಯಲ್ಲಿ ಅದು ಸೆಕೆಂಡಿಗೆ 50 ಸುತ್ತು ಪುಕ್ಕಟೆ ಸಿಗುತ್ತದೆ. ನಮ್ಮ ಗಲ್ಲಿಯ ಟ್ರಾನ್ಸ್‌ಫಾರ್ಮರಿನ ಗುಂಯ್ ಎನ್ನುವ ಸದ್ದು ಆ ಬದಲಾವಣೆಗೆ ಕಬ್ಬಿಣ ಮಿಡಿಯುವ ಸದ್ದು. ಇಲ್ಲಿ ಇನ್ನೊಂದು ಸೋಜಿಗವಿದೆ. ಎರಡು ಸುರುಳಿಗಳು ಒಂದಕ್ಕೊಂದು ಮುಟ್ಟಿಯೇ ಇಲ್ಲ. ಖೋಪೋಲಿಯ ಎಲೆಕ್ಟ್ರಾನು ಒಂದಾದರೂ ನಿಮ್ಮ ಮನೆಯ ಬಲ್ಬಿಗೆ ಬರುವುದಿಲ್ಲ. ಬರುವುದು ಶಕ್ತಿ, ಅದೂ ಕಾಂತಕ್ಷೇತ್ರದ ಹೆಗಲೇರಿ. ಮನೆಯ ತಂತಿಯಲ್ಲಿ ಇದ್ದ ಎಲೆಕ್ಟ್ರಾನುಗಳೇ ನಿಂತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗುತ್ತಿರುತ್ತವೆ. ಬಿಲ್ಲು ಕಟ್ಟುವುದು ಅವನ್ನು ತೂಗಿಸಿದ್ದಕ್ಕೆ.

ಭಾರತೀಯ ರೈಲ್ವೆ 25,000 ವೋಲ್ಟಿನ ಎಸಿಗೆ ಹೊರಳಲು ನಿರ್ಧರಿಸಿದ್ದು 1957ರಲ್ಲೇ. ಮುಂಬಯಿ ಮಾತ್ರ ಹಳೆಯ ಸಂಸಾರ ಬಿಡಲಾರದೆ ಅರ್ಧ ಶತಮಾನ ಕಾದಿತು. ಹೆಚ್ಚು ವೋಲ್ಟೇಜಿಗೆ ಹೆಚ್ಚು ಅಂತರ ಬೇಕು, ಹಳೆಯ ಸೇತುವೆಗಳ ಕೆಳಗೆ ಆ ಅಂತರವಿರಲಿಲ್ಲ. ಒಂದು ಕಡೆ ಎಸಿ ಒಂದು ಕಡೆ ಡಿಸಿ ಇದ್ದ ವರ್ಷಗಳಲ್ಲಿ ಎರಡಕ್ಕೂ ಒಗ್ಗುವ ಗಾಡಿಗಳು ಓಡಿದವು, ಗಡಿ ದಾಟುವಾಗ ದೀಪ ಫ್ಯಾನು ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದವು. 2015ರ ಜೂನಿನಲ್ಲಿ ಮುಖ್ಯ ಮಾರ್ಗದ ಕೊನೆಯ ತುಂಡು, 2016ರ ಏಪ್ರಿಲ್‌ನಲ್ಲಿ ಹಾರ್ಬರ್ ಮಾರ್ಗ ಎಸಿಗೆ ತಿರುಗಿ, 1925ರಲ್ಲಿ ಶುರುವಾದ ಡಿಸಿಯ ಕಾಲ ಮುಗಿಯಿತು. ತಮಾಷೆ ಎಂದರೆ, ಕಲ್ಯಾಣದ ಆಚೆಯ ಪಡಘೆಗೆ ಚಂದ್ರಪುರದಿಂದ ಸುಮಾರು 750 ಕಿಲೋಮೀಟರ್ ದೂರ ವಿದ್ಯುತ್ತು ಬರುತ್ತಿರುವುದು ಡಿಸಿಯಲ್ಲೇ, 5 ಲಕ್ಷ ವೋಲ್ಟಿನಲ್ಲಿ, 1999ರಿಂದ. ಅಷ್ಟು ದೂರಕ್ಕೆ ಎಸಿಯ ತೂಗಾಟವೇ ಹೊರೆ. ಟ್ರಾನ್ಸ್‌ಫಾರ್ಮರಿನಿಂದ ಏರಿಸಿ, ಥೈರಿಸ್ಟರುಗಳಿಂದ ನೇರ ಮಾಡಿ ಕಳಿಸಿ, ಪಡಘೆಯಲ್ಲಿ ಮತ್ತೆ ತೂಗಿಸುತ್ತಾರೆ. ಎಸಿ ಗೆದ್ದಿತು, ಡಿಸಿ ಸೋತಿತು ಎಂದು ಬರೆಯುವವರು ಪಡಘೆಗೆ ಒಮ್ಮೆ ಹೋಗಿ ಬರಬೇಕು.

ಮೋಟಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಜನರೇಟರಿನ ತಿರುವುಮುರುವು. ಮನೆಯ ಸೀಲಿಂಗ್ ಫ್ಯಾನಿನ ತಿರುಗುವ ಭಾಗಕ್ಕೆ ಯಾವ ತಂತಿಯೂ ಹೋಗುವುದಿಲ್ಲ. ನಡುವೆ ಕದಲದೆ ಇರುವ ಸುರುಳಿಗಳು ತಿರುಗುವ ಕಾಂತಕ್ಷೇತ್ರವೊಂದನ್ನು ಎಬ್ಬಿಸುತ್ತವೆ, ಅದು ಸುತ್ತಲಿನ ಆ ಭಾಗದಲ್ಲಿ ಕರೆಂಟು ಹುಟ್ಟಿಸಿ, ಆ ಕರೆಂಟನ್ನೇ ಹಿಡಿದು ಎಳೆದುಕೊಂಡು ಹೋಗುತ್ತದೆ. ಕೆಪ್ಯಾಸಿಟರ್ ಬಡವಾದಾಗ ಫ್ಯಾನು ನಿಧಾನವಾಗುವುದು ಆ ಕ್ಷೇತ್ರ ಸರಿಯಾಗಿ ತಿರುಗದೆ. 2007ರಿಂದ ಬಂದ ಹೊಸ ಲೋಕಲ್ಲುಗಳ ಮೋಟಾರು ಇದೇ ಜಾತಿಯದು, ಮೂರು ಫೇಸಿನದು. ಹೊರಡುವಾಗ ಅದು ಮೆಟ್ಟಿಲು ಹತ್ತಿದಂತೆ ಸ್ವರ ಏರಿಸುವುದು ಕರೆಂಟಿನ ಆವರ್ತನವನ್ನು ಏರಿಸುವ ಸದ್ದು. ಬ್ರೇಕು ಹಾಕಿದಾಗ ಅದೇ ಮೋಟಾರು ಜನರೇಟರಾಗಿ ತಂತಿಗೆ ಕರೆಂಟು ಹಿಂದಿರುಗಿಸುತ್ತದೆ. ಥಾಣೆಯಲ್ಲಿ ನಿಲ್ಲುವ ಗಾಡಿ ಮುಂಬ್ರಾದಲ್ಲಿ ಹೊರಡುವ ಗಾಡಿಗೆ ಕೈ ಕೊಡಬಹುದು.

ಕರೆಂಟಿನ ಈ ಕಾಂತತ್ವ ಒಮ್ಮೆ ಒಂದು ವೀಕ್ಷಣಾಲಯವನ್ನೇ ಊರು ಬಿಡಿಸಿದ ಕಥೆಯನ್ನು ನಮ್ಮವರು ಹೆಚ್ಚಾಗಿ ಹೇಳುವುದಿಲ್ಲ. ಮುಂಬಯಿಯ ಕೊಲಾಬಾದಲ್ಲಿ 1841ರಿಂದ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತಿದ್ದರು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಮೇಲೆ ಒಂದು ಬೆಳಕಿನ ಸ್ಫೋಟ ಕಂಡ. ಮರುದಿನ ಕೊಲಾಬಾದ ಅಳತೆ ಸುಮಾರು 1,600 ನ್ಯಾನೊಟೆಸ್ಲಾ ಕುಸಿಯಿತು. ಇಲ್ಲಿಯ ಭೂಕಾಂತಕ್ಷೇತ್ರ ಸುಮಾರು 40,000, ಅಂದರೆ ಶೇಕಡಾ 4ರಷ್ಟು ಒಮ್ಮೆಲೇ ಮಾಯ! ಸೂರ್ಯನಿಂದ ಬಂದ ಆವೇಶಕಣಗಳು ಭೂಮಿಯ ಸುತ್ತ ಕರೆಂಟು ಹರಿಸಿ, ಆ ಕರೆಂಟಿನ ಕಾಂತಕ್ಷೇತ್ರ ಭೂಮಿಯದ್ದನ್ನು ತಗ್ಗಿಸಿತ್ತು. ನನ್ನ ಪ್ಲಾಟ್‌ಫಾರ್ಮಿನ ಪ್ರಯೋಗವೇ, ತಂತಿ ಮಾತ್ರ ಆಕಾಶದಲ್ಲಿ. ಅಂಥ ಬಿರುಗಾಳಿಯನ್ನು ಆ ಕಾಲದಲ್ಲಿ ಇಷ್ಟು ಚೆನ್ನಾಗಿ ಅಳೆದ ತಾಣಗಳು ತೀರ ಕಡಿಮೆ, ಇವತ್ತಿಗೂ ವಿಜ್ಞಾನಿಗಳು ಕೊಲಾಬಾದ ಆ ದಾಖಲೆಯನ್ನು ಎತ್ತಿ ನೋಡುತ್ತಾರೆ.

ಆ ಶತಮಾನ ಮುಗಿಯುವ ಹೊತ್ತಿಗೆ ಮುಂಬಯಿಯಲ್ಲಿ ಕುದುರೆ ಟ್ರಾಮಿನ ಬದಲು ವಿದ್ಯುತ್ ಟ್ರಾಮಿನ ಮಾತು ಎದ್ದಿತು. ಕೊಲಾಬಾದ ಮೊದಲ ಭಾರತೀಯ ನಿರ್ದೇಶಕ ನಾನಾಭಾಯಿ ಆರ್ದೇಶಿರ್ ಫ್ರಾಮ್‌ಜಿ ಮೂಸ್ ಅವರಿಗೆ ಇದರ ಅರ್ಥ ಗೊತ್ತಿತ್ತು. ಟ್ರಾಮಿನ ಡಿಸಿ ಹಳಿಯಿಂದ ನೆಲಕ್ಕೆ ಸೋರಿ ತಮ್ಮ ಸೂಕ್ಷ್ಮ ಕಾಂತಗಳನ್ನು ಅಲ್ಲಾಡಿಸುತ್ತದೆ, ಅರವತ್ತು ವರ್ಷಗಳ ಸರಣಿ ಕೆಡುತ್ತದೆ. ಅವರು ಸಮುದ್ರದಾಚೆ, ಸುಮಾರು 30 ಕಿಲೋಮೀಟರ್ ದೂರದ ಅಲಿಬಾಗನ್ನು ಆರಿಸಿ, ಕಬ್ಬಿಣದ ಸೋಂಕಿಲ್ಲದ ಪೋರಬಂದರಿನ ಕಲ್ಲಿನಲ್ಲಿ ವೀಕ್ಷಣಾಲಯ ಕಟ್ಟಿಸಿದರು. 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು, ಹಳೆಯ ಸರಣಿಗೂ ಹೊಸದಕ್ಕೂ ಬೆಸುಗೆ ಹಾಕಿ, ಆಮೇಲೆ ಕೊಲಾಬಾದ ಅಳತೆ ನಿಲ್ಲಿಸಿದರು. 1907ರ ಮೇ 7ರಂದು ವಿದ್ಯುತ್ ಟ್ರಾಮ್ ಓಡಿತು. ಆ ಎರಡು ವರ್ಷದ ತಾಳ್ಮೆಗೆ ನಾನು ಎಷ್ಟೋ ದೊಡ್ಡ ಆವಿಷ್ಕಾರಗಳಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ಅಲಿಬಾಗ್ ಈಗಲೂ ಅಳೆಯುತ್ತಿದೆ. ಅದನ್ನು ನೋಡಿಕೊಳ್ಳುವ ಭಾರತೀಯ ಭೂಕಾಂತತ್ವ ಸಂಸ್ಥೆ 1971ರಲ್ಲಿ ಸ್ವತಂತ್ರ ಸಂಸ್ಥೆಯಾಗಿ, ಈಗ ನವಿ ಮುಂಬಯಿಯ ಹೊಸ ಪನ್ವೇಲಿನಲ್ಲಿ, ನಮ್ಮ ನೆರೆಯಲ್ಲೇ ಇದೆ. 1989ರ ಮಾರ್ಚ್ 13ರ ಕಾಂತ ಬಿರುಗಾಳಿಗೆ ಕೆನಡಾದ ಕ್ವಿಬೆಕ್ ಪ್ರಾಂತ್ಯ ಸುಮಾರು ಒಂಬತ್ತು ತಾಸು ಕತ್ತಲಾಗಿತ್ತು. ಬದಲಾಗುವ ಕಾಂತಕ್ಷೇತ್ರ ಉದ್ದುದ್ದ ತಂತಿಗಳಲ್ಲಿ ಕರೆಂಟು ಹುಟ್ಟಿಸುತ್ತದೆ ಎಂಬ ಫ್ಯಾರಡೆಯ ಮಾತು ಅಲ್ಲಿ ಬೇಡದ ರೂಪದಲ್ಲಿ ಬಂದಿತ್ತು.

ಉಳಿದದ್ದು ಎರಡು ಹೆಸರು. 1860ರ ದಶಕದಲ್ಲಿ ಮ್ಯಾಕ್ಸ್‌ವೆಲ್ ಇನ್ನೊಂದು ಅರ್ಧವನ್ನೂ ತುಂಬಿದ: ಬದಲಾಗುವ ವಿದ್ಯುತ್ ಕ್ಷೇತ್ರವೂ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಒಂದು ಇನ್ನೊಂದನ್ನು ಹುಟ್ಟಿಸುತ್ತ ಮುಂದೆ ಸಾಗಿದರೆ ಅದರ ವೇಗ ಬೆಳಕಿನ ವೇಗ, ಬೆಳಕೇ ಅದು. ಲೋಕಲ್ಲಿನಲ್ಲಿ ಎಲ್ಲರ ಕೈಯಲ್ಲಿರುವ ಮೊಬೈಲಿಗೆ ಬರುವುದೂ ಅದೇ. ಇನ್ನೊಬ್ಬ ಐನ್‌ಸ್ಟೈನ್. ಅವನ 1905ರ ಸಾಪೇಕ್ಷತೆಯ ಲೇಖನ ಆರಂಭವಾಗುವುದೇ ಕಾಂತ ಮತ್ತು ಸುರುಳಿಯಿಂದ. ಕಾಂತ ಚಲಿಸಿತೋ ಸುರುಳಿ ಚಲಿಸಿತೋ, ಹುಟ್ಟುವ ಕರೆಂಟು ಒಂದೇ ಆಗಿರುವಾಗ ಎರಡಕ್ಕೂ ಬೇರೆ ಬೇರೆ ವಿವರಣೆ ಯಾಕೆ ಎಂದು ಅವನು ಕೇಳಿದ. ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಮೇಲೆ ಆವೇಶವಿರುವ ಒಂದು ಗೋಲಿ ಇಟ್ಟಿದೆ ಎನ್ನೋಣ. ಅಲ್ಲಿ ನಿಂತವನಿಗೆ ಕಾಣುವುದು ವಿದ್ಯುತ್ ಕ್ಷೇತ್ರ ಮಾತ್ರ. ನಿಲ್ಲದೆ ಓಡುವ ಫಾಸ್ಟ್ ಲೋಕಲ್ಲಿನ ಬಾಗಿಲಲ್ಲಿ ನಿಂತವನಿಗೆ ಆ ಗೋಲಿ ಹಿಂದಕ್ಕೆ ಓಡುತ್ತಿದೆ, ಓಡುವ ಆವೇಶ ಎಂದರೆ ಕರೆಂಟು, ಹಾಗಾಗಿ ಅವನ ಪಾಲಿಗೆ ಅಲ್ಲಿ ಕಾಂತಕ್ಷೇತ್ರವೂ ಇದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಆ ಹುಡುಗನಿಗೆ ಅಂದು ಇಷ್ಟೆಲ್ಲ ಹೇಳಲು ಹೊತ್ತಿರಲಿಲ್ಲ, ಕಲ್ಯಾಣ ಲೋಕಲ್ ಬಂದುಬಿಟ್ಟಿತ್ತು. ದಿಕ್ಸೂಚಿ ಈಗಲೂ ನನ್ನ ಚೀಲದಲ್ಲಿದೆ. ಈಚೆಗೆ ಒಂದು ಮಧ್ಯಾಹ್ನ ಅದೇ ಜಾಗದಲ್ಲಿ ಹಿಡಿದು ನೋಡಿದೆ. ಹತ್ತು ನಿಮಿಷ ಮುಳ್ಳು ಅಲ್ಲಾಡಲಿಲ್ಲ. ಮೇಲಿನ ತಂತಿಯ ಕರೆಂಟು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತಿದೆ, ಅತ್ತ ಹೊರಡುವಷ್ಟರಲ್ಲಿ ಇತ್ತ ಎಳೆತ, ಮುಳ್ಳು ಯಾವ ಕಡೆಗೂ ಹೋಗಲಾರದೆ ಉತ್ತರಕ್ಕೆ ಮುಖ ಮಾಡಿ ನಿಂತಿತ್ತು. ಆಮೇಲೆ ಗಾಡಿ ಬಂತು, ಮುಳ್ಳು ಉಕ್ಕಿನ ಕಡೆಗೆ ವಾಲಿತು.